ಮಣ್ಣಿನ ಡಬ್ಬಿಗಳ ನೆರಳು

ಮೊಮ್ಮಕ್ಕಳೇ, ಮೊನ್ನೆ ಕರೆಂಟ್ ಹೋದಾಗ "ಆಯಿ, ನಿಮ್ಮ ಕಾಲದಾಗೂ ಇಷ್ಟು ಧಗಿ ಇತ್ತೇನು?" ಎಂದು ಕೇಳಿದಿರಿ. ಹೇಳಹೋದರೆ ಸಿಟ್ಟಿಗೆ ಮಾತು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಕಾಲುವೆಗೆ ನೀರು ಬಿಡುವ ಮುಂಚೆ ನಮ್ಮದು ಜೋಳದ ಸೀಮೆ. ಬಿಸಿಲು ಸುಡುತ್ತಿತ್ತು, ಆದರೆ ಬೆವರು ಆರುತ್ತಿತ್ತು. ಸುತ್ತ ನೆಲ್ಲಿನ ಮಡಿಗಳು ಬಂದ ಮೇಲೆ ನೀರಿನ ಹಬೆಗೆ ಬೆವರು ಮೈಮೇಲೇ ನಿಂತಿತು. ಕವಲುಗಾಲುವೆ ತೋಡುವಾಗ ದಾರಿಯ ಬೇವಿನ ಮರಗಳೂ ಹೋದವು.

ಆಗ ಜವಳಗೇರಾದ ಆಚೆ ಒಂದು ಪ್ರಯೋಗದ ಹೊಲ ಮಾಡಿದರು. ನೀರು ಕುಡಿದ ಎರೆಮಣ್ಣು ಎಂಥ ಬಿಸಿಲಿಗೆ ಎಷ್ಟು ಬೇಗ ಆರುತ್ತದೆ ಎಂದು ಲೆಕ್ಕ ಕಟ್ಟುವುದು ಅಲ್ಲಿನ ಸಾಹೇಬರ ಕೆಲಸ. ಆ ಲೆಕ್ಕ ಕೂಡಿಬಂದರೆ ಬೆಳೆಗೆ ಯಾವಾಗ ನೀರು ಬೇಕೆಂದು ಮೊದಲೇ ಹೇಳಬಹುದಂತೆ. ಒಳ್ಳೆಯ ಕೆಲಸವೇ, ಬೇಡವೆನ್ನುವುದಿಲ್ಲ. ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅಲ್ಲಿಗೆ ಕೂಲಿಗೆ ಹೋಗುತ್ತಿದ್ದೆವು. ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಬಡಿದು, ಒಳಗೆ ಬಂದ ಮಣ್ಣನ್ನು ತಗಡಿನ ಡಬ್ಬಿಗೆ ತುಂಬಬೇಕು. ತೂಕ ಮಾಡುವವರೆಗೆ ಅದರ ತೇವ ಹೋಗಬಾರದು. ಅದಕ್ಕೆಂದೇ ಗರಿಯ ಚಪ್ಪರ ಹಾಕಿ, ಡಬ್ಬಿಗಳ ಮೇಲೆ ಹಸಿ ಗೋಣಿತಟ್ಟು ಹೊದಿಸುತ್ತಿದ್ದರು. ಧಗೆ ಅಳೆಯುವ ಪಾದರಸಕ್ಕೂ ಬಿಳಿ ಬಣ್ಣದ ಕಟ್ಟಿಗೆಯ ಗೂಡು, ಗಾಳಿ ಆಡಲು ಸಂದು ಬೇರೆ! ಆ ಬಯಲಿನಲ್ಲಿದ್ದ ನೆರಳು ಇವೆರಡೇ. ನಾವು ಬುತ್ತಿ ಬಿಚ್ಚುತ್ತಿದ್ದುದು ಬದುವಿನ ಮೇಲೆ, ಬಿಸಿಲಿನಲ್ಲಿ. ಚಪ್ಪರದೊಳಗೆ ಕೂಲಿಯವರು ಕೂಡಬಾರದು, ಮಣ್ಣಿಗೆ ಬೆವರು ಬಿದ್ದರೆ ಲೆಕ್ಕ ಕೆಡುತ್ತದೆ ಎಂದು ಮೇಸ್ತ್ರಿ ಹುಕುಂ ಮಾಡಿದ್ದ.

ನೆಗೆಣ್ಣಿ ಆಗ ಬಸುರಿ. ನಾನು ಎಷ್ಟು ಮೆತ್ತಗೋ ಅವಳು ಅಷ್ಟು ಜೋರು.

"ಮೇಸ್ತ್ರಿ, ನಿಮ್ಮ ಮಣ್ಣಿಗೆ ಎಷ್ಟು ತಿಂಗಳಾದವ್ರೀ? ನೆರಳಾಗ ಮಲಗಿಸೀರಿ, ತಂಪನ್ನ ತಟ್ಟು ಹೊಚ್ಚೀರಿ. ಉಡಿ ತುಂಬಿ ಕುಬಸ ಮಾಡೋದು ಯಾವಾಗ?"

"ನಿನ್ನ ಬಾಯಿಗೂ ಒಂದು ಮುಚ್ಚಳ ಹಾಕಬೇಕು ನೋಡು," ಎಂದು ಆತನೂ ನಗುತ್ತಿದ್ದ.

ಒಂದು ಮಧ್ಯಾಹ್ನ ಕೊಳವೆ ಬಡಿಯುತ್ತಿದ್ದವಳು ಹಾಗೇ ಕುಸಿದಳು. ಮೈ ಕೆಂಡದಂತಿತ್ತು, ಕಣ್ಣು ಮೇಲಾಗಿತ್ತು. ಹೊಟ್ಟೆಯ ಕೂಸೂ ಹೋಯಿತು, ಇವಳೂ ಹೋದಳು ಎಂದುಕೊಂಡೆ. ತೋಳು ಹಿಡಿದು ಚಪ್ಪರದವರೆಗೆ ಎಳೆತಂದೆ. ಮೇಸ್ತ್ರಿ ಅಡ್ಡ ನಿಂತ.

"ಒಳಗ ಬ್ಯಾಡ ಯಕ್ಕಾ, ಸಾಹೇಬ್ರು ನನ್ನ ನೌಕ್ರಿ ತಗೀತಾರ. ಬದುವಿನ ಮ್ಯಾಲ ಮಲಗಿಸು, ನೀರು ಕೊಡ್ತೀನಿ."

ಪರಗಂಡಸರ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ ನಾನು. ಅಂದು ಮಾತ್ರ ನನ್ನ ದನಿ ನನಗೇ ಗುರುತಾಗಲಿಲ್ಲ.

"ಬದುವಿನ ಮ್ಯಾಲ ನಿನ್ನ ಡಬ್ಬಿ ಇಡು!"

ಆತ ಇಡಲಿಲ್ಲ, ನಾನೇ ಇಟ್ಟೆ. ಡಬ್ಬಿಗಳನ್ನೆಲ್ಲ ಬಿಸಿಲಿಗೆ ಎತ್ತಿಹಾಕಿ, ಆ ಜಾಗದಲ್ಲಿ ಅವಳನ್ನು ಮಲಗಿಸಿ, ಅದೇ ಹಸಿ ತಟ್ಟನ್ನು ಎದೆಗೂ ಹೊಟ್ಟೆಗೂ ಹೊದಿಸಿದೆ. ಸೆರಗಿನಿಂದ ಗಾಳಿ ಬೀಸುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು.

"ಮಣ್ಣು ಪುಣ್ಯ ಮಾಡೈತಿ ನೋಡಕ್ಕಾ," ಎಂದಳು. "ಎಷ್ಟು ತಂಪೈತಿ ಇಲ್ಲಿ."

ಸಂಜೆ ಸಾಹೇಬರ ಜೀಪು ಬಂತು. ಅವಳು ಇನ್ನೂ ಅಲ್ಲೇ ಮಲಗಿದ್ದಳು. ಓದಿದ ಮನುಷ್ಯ ಅವಳನ್ನು ದಾಟಿ ಹೋಗಿ, "ಯಾವ ಡಬ್ಬಿ ಎಷ್ಟು ಹೊತ್ತು ಬಿಸಿಲಲ್ಲಿತ್ತು?" ಎಂದು ಕೇಳಿದರು. ಈ ಹೆಂಗಸು ಎಷ್ಟು ಹೊತ್ತು ಬಿಸಿಲಲ್ಲಿದ್ದಳು ಎಂದು ಕೇಳಲಿಲ್ಲ. ಮಣ್ಣಿನ ಬಾಯಾರಿಕೆ ಅರಿಯಲು ಅಷ್ಟೆಲ್ಲ ಸಲಕರಣೆ ತಂದವರಿಗೆ, ಕಾಲ ಬಳಿ ಬಿದ್ದ ಬಾಯಾರಿಕೆ ಕಾಣಲಿಲ್ಲ.

ಮರುದಿನ ನಮ್ಮಿಬ್ಬರನ್ನೂ ಕೆಲಸದಿಂದ ಬಿಡಿಸಿದರು. ಕೂಲಿಯವರಿಗೆಂದು ನೆರಳು ಮಾಡಲಿಲ್ಲ, ಚಪ್ಪರಕ್ಕೆ ತಟ್ಟಿಗೋಡೆ ಕಟ್ಟಿ ಬಾಗಿಲಿಟ್ಟು ಕೀಲಿ ಹಾಕಿದರು. ಇಷ್ಟು ವರ್ಷವಾದರೂ ಆ ಕೀಲಿಯ ಮೇಲಿನ ನನ್ನ ಸಿಟ್ಟು ಆರಿಲ್ಲ.

ಅಂದು ತಟ್ಟಿನ ಕೆಳಗೆ ಉಳಿದ ಕೂಸೇ ನಿಮ್ಮ ಸಣ್ಣತ್ತೆ. ಅವಳಿಗೂ ಇದನ್ನು ಓದಿ ಹೇಳಿ. ಈ ಹಾಳೆಗಳನ್ನು ಬಿಸಿಲು, ತೇವ ತಾಗದ ಕಡೆ ಜೋಪಾನವಾಗಿಡಿ. ಆದರೆ ದಣಿದವರು ಯಾರಾದರೂ ಬಂದು ಜಾಗ ಸಾಲದಾದರೆ, ಹಾಳೆಗಳನ್ನು ಹೊರಗಿಟ್ಟು ಅವರನ್ನು ಒಳಗೆ ಕೂಡ್ರಿಸಿ.