ದಾರ ಪೋಣಿಸಿದ ಹನ್ನೆರಡು ಸೂಜಿ

ಅಮೆರಿಕದ ಸ್ಯಾನ್ ಹೊಸೆಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಮೆಹಬೂಬ್ ಸಾಬರಿಗೆ ಅರವತ್ತೆರಡು ವರ್ಷ. ಆದರೂ ಮೂಗಿನ ಮೇಲೆ ಕನ್ನಡಕ ಏರಿಲ್ಲ. ಹುಬ್ಬಳ್ಳಿಯಲ್ಲಿ ಅವರಿಗೆ ಕೆಲಸ ಕಲಿಸಿದ ಉಸ್ತಾದರು ಕನ್ನಡಕ ಹಾಕಿದ ವರ್ಷವೇ ಗಿರಾಕಿಗಳೆಲ್ಲ ಎದುರಂಗಡಿಗೆ ಹೋಗಿಬಿಟ್ಟಿದ್ದರು. ತಮಗೂ ಅದೇ ಗತಿ ಬಂದೀತೆಂಬ ಭಯ ಸಾಬರಿಗೆ. ಹಾಗೆಂದು ಸೂಜಿಯ ಕಣ್ಣು ಅವರಿಗೆ ಕಾಣುತ್ತಿತ್ತು ಎಂದೇನಲ್ಲ. ದಿನಾ ಬೆಳಿಗ್ಗೆ ಹೆಂಡತಿ ಬದರುನ್ನಿಸಾ ಹನ್ನೆರಡು ಸೂಜಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದಳು. ಹದ್ದಿನ ಕಣ್ಣೆಂಬ ಹೆಸರು ಸಾಬರದು, ಕೆಲಸ ಅವಳದು.

ಅವತ್ತು ರವಿಕೆ ಒಯ್ಯಲು ಬಂದ ಸುಗುಣಾ ಕಣ್ಣಿನ ಡಾಕ್ಟರ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ಕಪ್ಪು ರವಿಕೆಗೆ ಹುಕ್ಕುಗಳನ್ನು ಕಡುನೀಲಿ ದಾರದಲ್ಲಿ ಹೊಲಿದದ್ದನ್ನು ನೋಡಿದಳು. ಬ್ಯಾಗಿನಿಂದ ಒಂದು ಫಾರ್ಮು ತೆಗೆದಳು.

“ಸಾಬ್ರೇ, ಕಣ್ಣಿಗೊಂದು ಇನ್ಶೂರೆನ್ಸು ಮಾಡ್ಸಿ.”

“ಜೀವ ಹೋದ ಮ್ಯಾಲೆ ರೊಕ್ಕಾ ಕೊಡೂದು ಜೀವವಿಮಾ. ಇದು ಕಣ್ಣು ಹೋದ ಮ್ಯಾಲೆ ಕೊಡೂದೇನು? ತೋಬಾ ತೋಬಾ, ಬಿಡ್ತು ಅನ್ನವ್ವಾ!”

ಸುಗುಣಾ ನಕ್ಕಳು. “ಕಣ್ಣು ಹೋಗೋದೇನೂ ಬೇಡ. ವರ್ಷಕ್ಕೊಂದ್ಸಲ ಚೆಕಪ್ಪು, ಕನ್ನಡಕಕ್ಕೆ ಒಂದಷ್ಟು ದುಡ್ಡು, ಅಷ್ಟೇ. ಪೊರೆ-ಗಿರೆ ಬಂದ್ರೆ ಹೆಲ್ತ್ ಇನ್ಶೂರೆನ್ಸು ನೋಡ್ಕೊಳ್ಳತ್ತೆ. ಕನ್ನಡಕ ಬೇಡದವ್ರಿಗೆ ಇದು ದಂಡ, ನಾನೇ ಹೇಳ್ತೀನಿ.”

“ಹಂಗಾರ ನಮಗ ದಂಡ,” ಎಂದು ಸಾಬರು ಗೆದ್ದವರ ಹಾಗೆ ಫಾರ್ಮನ್ನು ಹಿಂದಕ್ಕೆ ತಳ್ಳಿದರು. ಒಂದು ಹುಕ್ಕು ಸಡಿಲವಾಗಿತ್ತು. ಸೂಜಿಗೆ ಕೈ ಚಾಚಿದರೆ ಹನ್ನೆರಡರ ದಾರವೂ ಮುಗಿದಿತ್ತು. ಅಂಗಡಿಯ ಮೂಲೆಯಲ್ಲಿ ಕೂತಿದ್ದ ಹೆಂಡತಿಯ ಕಡೆ ಕಣ್ಸನ್ನೆ ಮಾಡಿದರು. ಅವಳು ಬೆನ್ನು ತಿರುಗಿಸಿ ದಾರ ಪೋಣಿಸತೊಡಗಿದಳು. ಅಷ್ಟರಲ್ಲಿ ಅವಳ ಕೈಯಿಂದ ಏನೋ ಟಣ್ ಎಂದು ಬಿತ್ತು. ಸುಗುಣಾ ಹೆಕ್ಕಿಕೊಟ್ಟಳು.

“ಏನದು?” ಎಂದರು ಸಾಬರು.

“ದಾರ ಪೋಣಿಸೋ ತಂತಿ,” ಎಂದಳು ಬದರುನ್ನಿಸಾ, ತಲೆ ಎತ್ತದೆ. “ಎರಡು ವರ್ಷ ಆತು, ನನಗೂ ಕಾಣವಲ್ದು. ಹೇಳಿದ್ರ ನೀವು ಅಂಗಡಿ ಮುಚ್ಚತಿದ್ರಿ.”

ತನ್ನ ಜಂಬ ಉಳಿಸಲು ಇವಳು ಎರಡು ವರ್ಷ ತಡಕಾಡಿದಳಲ್ಲ ಎಂದು ಸಾಬರಿಗೆ ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು.

“ಇಬ್ಬರಿಗೂ ಬರಕೋ ಸುಗುಣವ್ವಾ. ಈಗ ದಂಡ ಅಲ್ಲ.”

ಸುಗುಣಾ ವಿವರ ತುಂಬಿ, ಸೈನು ಮಾಡಿ ಎಂದು ಪೆನ್ನು ಕೊಟ್ಟಳು. ಸಾಬರು ಫಾರ್ಮನ್ನು ತೋಳುದ್ದ ದೂರ ಹಿಡಿದು ಜಾಗ ಹುಡುಕಿದರು.

“ಇಲ್ಲೇ ಐತಲ್ರೀ,” ಎಂದು ಬದರುನ್ನಿಸಾ ಬೆರಳಿಟ್ಟು ತೋರಿಸಿದಳು. ಸಾಬರು ಹೆಂಡತಿಯನ್ನು ನಂಬಿ ಸೊಗಸಾಗಿ ಸಹಿ ಹಾಕಿದರು, ಹುಟ್ಟಿದ ತಾರೀಖಿನ ಮೇಲೆ.

ಸುಗುಣಾ ಬ್ಯಾಗಿನಿಂದ ಇನ್ನೊಂದು ಫಾರ್ಮು ತೆಗೆದಳು.