ಬೇಡದ್ದಾದರೆ ವಾಪಸ್ ಕೊಡಿ

ನನ್ನ ಮೊಮ್ಮಗಳು ಗೆದ್ದಳು. ಕಂಪೆನಿಯವರು ತೋರಿಸಿದ ವಿಡಿಯೋಕ್ಕೆ ಅವಳು ಕೇಳಿದಷ್ಟೇ ಪಾಲು, ತೋರಿಸದ್ದು ಅವಳಿಗೇ ವಾಪಸ್. ಹಾಗೆಂದು ಬರೆದ ಕಾಗದ ಇವತ್ತು ಬೆಳಿಗ್ಗೆ ಅವಳ ಮೊಬೈಲಿಗೆ ಬಂತು. ನಾನು ಕಲಿತದ್ದು ಮೂರನೇ ಕ್ಲಾಸು. ಇಂಗ್ಲಿಷ್ ಬರುವುದಿಲ್ಲ, ಅವಳ ಮುಖ ನೋಡಿಯೇ ಗೊತ್ತಾಯಿತು. ಬಂಟ್ವಾಳ ಪೇಟೆಗೆ ಹೋಗಿ ಬಂಗುಡೆ ಮೀನು ತಂದೆ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಸುದ್ದಿ ಹೇಳಿದೆ.

ಮೊಮ್ಮಗಳು, ಬೆಳ್ತಂಗಡಿಯ ಇಬ್ಬರು, ಮೂಡಬಿದಿರೆಯ ಒಬ್ಬಳು, ಹೀಗೆ ನಾಲ್ಕು ಜನ ಸೇರಿ ವಿಡಿಯೋ ಮಾಡುತ್ತಾರೆ. ತೆಂಗಿನ ಮಡಲು ಹೆಣೆಯುವುದು, ಗದ್ದೆಯ ಏಡಿ ಹಿಡಿಯುವುದು, ಬಿದಿರಿನ ಕಣಿಲೆ ಹೆಚ್ಚುವುದು, ಇಂಥದ್ದೇ. ಬೆಂಗಳೂರಿನ ಕಂಪೆನಿಯೊಂದು ಜನರಿಗೆ ತೋರಿಸಲು ಅದನ್ನು ಕೇಳಿತು. ಜನ ನೋಡಿದಷ್ಟೂ ಸಲ ಮಾಡಿದವರಿಗೆ ಸಿಗುವ ಪಾಲಿಗೆ ರಾಯಲ್ಟಿ ಎನ್ನುತ್ತಾರಂತೆ. ಆ ಪಾಲು ಎಷ್ಟೆಂದು ಫೋನಿನಲ್ಲಿ ಎರಡು ತಿಂಗಳು ಚರ್ಚೆ ನಡೆದು, ಕೊನೆಗೆ ಒಪ್ಪಿಗೆಯಾಯಿತು.

ಸಹಿ ಹಾಕುವ ಮೊದಲು ಅವಳು ಕಾಗದವನ್ನು ನನಗೆ ತುಳುವಿನಲ್ಲಿ ಓದಿ ಹೇಳಿದಳು. ನಾನು ಬಸಳೆ ಬಿಡಿಸುತ್ತಿದ್ದೆ. ಇವರು ಹತ್ತು ವಿಡಿಯೋ ಕೊಟ್ಟರೆ ಅವರಿಗೆ ಹಿಡಿಸಿದ್ದಕ್ಕೆ ಮಾತ್ರ ಪಾಲಂತೆ.

"ಹಿಡಿಸದ್ದನ್ನು ವಾಪಸ್ ಕೊಡ್ತಾರಾ?" ಎಂದು ಕೇಳಿದೆ.

"ಇಲ್ಲ ಅಜ್ಜಿ, ಅದೂ ಅವರಿಗೇ."

"ಹಣವೂ ಇಲ್ಲ, ಮಾಡಿದ್ದೂ ಇಲ್ಲ. ಇದು ನಮ್ಮ ಬೀಡಿ ಬ್ರಾಂಚಿನ ಹಾಗೇ ಉಂಟಲ್ಲ ಮಾರಾಯ್ತಿ."

ಎಷ್ಟು ವರ್ಷವಾಯಿತೋ. ನೆನೆಸಿದ ಎಲೆ ಕತ್ತರಿಸಿ, ಮೊರದಂಥ ತಡ್ಪೆಯನ್ನು ಮಡಿಲಲ್ಲಿಟ್ಟು, ರೇಡಿಯೋ ಕೇಳುತ್ತಾ ಬೀಡಿ ಕಟ್ಟುತ್ತಿದ್ದ ಕಾಲ. ಕಟ್ಟಿದ್ದನ್ನು ಕೊಡಲು ನೆರೆಮನೆಯ ಹೆಂಗಸರೊಟ್ಟಿಗೆ ನಗುತ್ತಾ ಸಿದ್ಧಕಟ್ಟೆಯ ಬ್ರಾಂಚಿಗೆ ನಡೆದರೆ ದಾರಿ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಬ್ರಾಂಚಿನ ಮೇಜಿನ ಹಿಂದೆ ಕೂತವನು ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲವೆಂದು ಕೆಲವನ್ನು ಪಕ್ಕದ ಬುಟ್ಟಿಗೆ ಹಾಕುತ್ತಿದ್ದ. ಅದಕ್ಕೆ ಮಜೂರಿ ಇಲ್ಲ. ಬುಟ್ಟಿಗೆ ಬಿದ್ದದ್ದು ನಮಗೆ ಸಿಗುವುದೂ ಇಲ್ಲ. ಒಂದು ದಿನ ನಾನು, "ಬೇಡದ್ದಾದರೆ ವಾಪಸ್ ಕೊಡಿ" ಎಂದೆ. ಅವನು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಆಮೇಲೆ ನಾನು ಯಾವತ್ತೂ ಕೇಳಲಿಲ್ಲ.

ನಾನು ಇದನ್ನೆಲ್ಲ ಹೇಳಿದ್ದೇ ತಡ, ಮೊಮ್ಮಗಳು ಕಂಪೆನಿಗೆ ಫೋನ್ ಮಾಡಿದಳು. ಎಲ್ಲರೂ ಹೀಗೆಯೇ ಸಹಿ ಹಾಕುತ್ತಾರೆ ಎಂದು ಆ ಕಡೆಯವನೂ ನಕ್ಕ.

"ನಾವು ನಾಲ್ಕು ಜನ ಹಾಕುವುದಿಲ್ಲ ಸರ್," ಎಂದಳು ಅವಳು. "ನಿಮಗೆ ಬೇಡದ್ದಾದರೆ ನಮಗೆ ವಾಪಸ್ ಕೊಡಿ."

ನನ್ನದೇ ಮಾತು. ಬಸಳೆ ಹಾಗೇ ಕೈಯಲ್ಲಿ ಉಳಿಯಿತು.

ಮತ್ತೆ ಒಂದು ವಾರ ಆ ಕಡೆಯಿಂದ ಸದ್ದಿಲ್ಲ. ಬಾಯಿಗೆ ಬಂದ ತುತ್ತನ್ನು ಕೈಯಾರೆ ಬಿಟ್ಟಳೆಂದು ಸೊಸೆ ಗೊಣಗಿದಳು. ಹಳೆಯ ಕತೆ ಹೇಳಿ ನಾನೇ ಹುಡುಗಿಯ ಕೆಲಸ ಕೆಡಿಸಿದೆನೋ ಎಂದು ನನಗೂ ಊಟ ಸೇರಲಿಲ್ಲ. ಇವತ್ತು ಬೆಳಿಗ್ಗೆ ಆ ಭಾರ ಇಳಿಯಿತು.

ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬಂಗುಡೆ ಸಾರಿಗೆ ನಾನೇ ನೀರುದೋಸೆ ಹೊಯ್ದಿದ್ದೆ. ಖುಷಿಯಲ್ಲಿ ಕೈ ನಿಲ್ಲದೆ ನಾಲ್ಕೈದು ಹರಿದುಹೋಗಿದ್ದವು. ಮಗ ಅವನ್ನು ಬದಿಗೆ ಸರಿಸಿ ಒಳ್ಳೆಯದನ್ನು ತೆಗೆದುಕೊಂಡ. ಮೊಮ್ಮಗಳು ಹರಿದದ್ದನ್ನೆಲ್ಲ ಎತ್ತಿ ನನ್ನ ಬಟ್ಟಲಿಗೆ ಹಾಕಿದಳು.

"ಅಪ್ಪನಿಗೆ ಬೇಡದ್ದು ಮಾಡಿದವರಿಗೆ ವಾಪಸ್," ಎಂದಳು.

ಗೊಣಗಿದ್ದ ಸೊಸೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಹರಿದ ದೋಸೆಯನ್ನು ಸಾರಿಗೆ ಅದ್ದಿ, ಒಂದೂ ಬಿಡದೆ ತಿಂದೆ.