ನಕ್ಷತ್ರಮೀನಿನ ವಿಳಾಸ

ಅಂಟಾರ್ಕ್ಟಿಕದ ಸಮುದ್ರದಲ್ಲಿ ನಕ್ಷತ್ರಮೀನುಗಳು ಎಲ್ಲೆಲ್ಲಿವೆ ಎಂದು ದಾಖಲಿಸುವುದು ನನ್ನ ಕೆಲಸ. ಹಡಗು ಹತ್ತಿದವಳಲ್ಲ. ಮುಂಬೈಯ ಭಾಂಡುಪ್‌ನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು, ನೀರಿನಡಿಯ ಕ್ಯಾಮೆರಾ ತೆಗೆದ ಫೋಟೊಗಳನ್ನು ನೋಡಿ, ಯಾವ ಜಾತಿ, ಯಾವ ಜಾಗ, ಎಷ್ಟು ಆಳ ಎಂದು ಕಂಪ್ಯೂಟರಿಗೆ ತುಂಬುತ್ತೇನೆ. ನಕ್ಷೆಯಲ್ಲಿ ಒಂದು ಚುಕ್ಕೆ ಮೂಡುತ್ತದೆ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಪರೇಲ್‌ನ ಆಸ್ಪತ್ರೆ ಸೇರಿದಾಗ ಲ್ಯಾಪ್‌ಟಾಪನ್ನು ವಾರ್ಡಿಗೇ ಒಯ್ದೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಇನ್ನು ಎದ್ದು ನಡೆಯಬೇಕಿತ್ತು. ಅಮ್ಮ ಒಪ್ಪಲಿಲ್ಲ. ವ್ಯಾಯಾಮ ಮಾಡಿಸುವಾಕೆ ವಾಕರ್ ತಂದು, "ಆಜಿ, ಚಲಾ" ಎಂದು ಮರಾಠಿಯಲ್ಲಿ ನಡೆಯಲು ಕರೆದರೆ ಅಮ್ಮ "ನಾಳೆ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಕಣ್ಣು ನನ್ನ ಲ್ಯಾಪ್‌ಟಾಪಿನ ಮೇಲೆ ಬಿತ್ತು.

"ಏನೇ ಅದು?"

"ನಕ್ಷತ್ರಮೀನು. ಮಂಜುಗಡ್ಡೆ ಕೆಳಗಡೆ ಇರತ್ತೆ."

"ಸತ್ತೋಗಿದೆಯಾ?"

"ಇಲ್ಲಮ್ಮ, ನಡೀತಿದೆ."

ಕ್ಯಾಮೆರಾ ಒಂದೇ ಕಡೆ ನಿಂತು, ಬಿಟ್ಟು ಬಿಟ್ಟು ತೆಗೆದ ಫೋಟೊಗಳವು. ಒಂದರಲ್ಲಿ ಮೀನು ಕಲ್ಲಿನ ಈಚೆಗಿತ್ತು, ಕೊನೆಯದರಲ್ಲಿ ಆಚೆಗೆ. ಆಗಲೇ ನನಗೆ ಅನುಮಾನ ಬಂತು. ಆ ಜಾತಿಯನ್ನು ಅಷ್ಟು ದಕ್ಷಿಣದಲ್ಲಿ ಯಾರೂ ದಾಖಲಿಸಿರಲಿಲ್ಲ. ನಮ್ಮ ಮೇಲಿನ ವಿಜ್ಞಾನಿಗೆ ಕಳಿಸಿದೆ. ಇನ್ನೊಮ್ಮೆ ನೋಡಿ ಎಂದು ಉತ್ತರ ಬಂತು. ನೋಡಿದೆ. ಅದೇ ಜಾತಿ. ಅಮ್ಮನಿಗೂ ಹೇಳಿದೆ.

"ಅಷ್ಟು ದೂರ ಯಾಕೆ ಹೋಗಿದೆ?" ಅಮ್ಮ ಕೇಳಿದಳು.

"ಗೊತ್ತಿಲ್ಲ. ಎಲ್ಲಿದೆ ಅಂತ ಬರೆಯೋದಷ್ಟೇ ನನ್ನ ಕೆಲಸ. ಯಾಕೆ ಅನ್ನೋದಕ್ಕೆ ಬೇರೆಯವರಿದ್ದಾರೆ."

ಮರುದಿನ ಬೆಳಿಗ್ಗೆ ಅಮ್ಮ ತಾನಾಗಿ ವಾಕರ್ ಕೇಳಿದಳು. ನಕ್ಷತ್ರಮೀನನ್ನು ಕಂಡು ಛಲ ಹುಟ್ಟಿತು ಎಂದು ಬರೆಯಬಹುದಿತ್ತು. ನಿಜವೆಂದರೆ, ಎದುರು ಮಂಚದ ಹೆಂಗಸಿಗೆ ಮನೆಯವರು ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಿಂದ ಇಡ್ಲಿ, ವಡೆ ತಂದಿದ್ದರು. ವಾರ್ಡ್ ತುಂಬ ಸಾಂಬಾರಿನ ಘಮ.

"ಮಲಗಿದಲ್ಲಿಂದ್ಲೇ ಕೇಳಿದ್ರೆ ಚೆನ್ನಾಗಿರಲ್ಲ. ಹೋಗಿ ಮಾತಾಡಿಸಿ ಬರ್ತೀನಿ."

ಹೋದಳು. ನೋವಿಗೆ ತುಟಿ ಕಚ್ಚಿಕೊಂಡೇ ಹೋದಳು. ವ್ಯಾಯಾಮದಾಕೆ ಚಪ್ಪಾಳೆ ತಟ್ಟಿದಳು. ಆ ಹೆಂಗಸು ವಡೆ ಕೊಟ್ಟಳು.

ಸಂಜೆಗೆ ನನ್ನ ದಾಖಲೆ ಒಪ್ಪಿಗೆಯಾಗಿ ನಕ್ಷೆಗೆ ಸೇರಿತು. ಅಮ್ಮನಿಗೆ ಆ ಚುಕ್ಕೆ ತೋರಿಸಿದೆ.

"ಇಷ್ಟೇನಾ?"

"ಇಷ್ಟೇ."

"ಪಾಪ, ಸುತ್ತಮುತ್ತ ಯಾರೂ ಇಲ್ಲ."

"ಇರಬಹುದು, ಅಮ್ಮ. ಅಲ್ಲಿ ಇನ್ನೂ ಯಾರೂ ಹುಡುಕಿಲ್ಲ."

"ಹಾಗಾದ್ರೆ ಹುಡುಕು," ಎಂದು ಅಮ್ಮ ಕನ್ನಡಕ ಹಾಕಿಕೊಂಡಳು.